‘ಕಡೀತದೇನ್ರಿ?’ ಅಂತ ಕೇಳುವವರಿಗೆ: ದೊಡ್ಡ ತಳಿಯ ಕುನ್ನಿಗೆ ಜನರ ರೂಢಿ ಮಾಡಿಸುವ ಬಗೆ

ನಮ್ಮ ಮನೆಯ ಗೇಟಿನ ಮುಂದೆ ಯಾರೇ ಬಂದು ನಿಂತರೂ ತಮ್ಮ ಹೆಸರು ಹೇಳುವುದಕ್ಕಿಂತ ಮೊದಲು ಕೇಳುವ ಮಾತು ಒಂದೇ: ‘ಕಡೀತದೇನ್ರಿ?’ ಟೈಗರ್ ಇದ್ದಾಗ ಇದಕ್ಕೆ ಉತ್ತರ ಹೇಳಲು ನಾಚಿಕೆಯಾಗುತ್ತಿತ್ತು. ಈಗ ಭೀಮ ಇದ್ದಾನೆ, 36 ಕಿಲೋ ತೂಗುವ ಜರ್ಮನ್ ಶೆಫರ್ಡ್. ‘ಇಲ್ರಿ, ಬರ್ರಿ’ ಅಂತ ಧೈರ್ಯವಾಗಿ ಕರೆಯುತ್ತೇನೆ. ಇಬ್ಬರದೂ ಒಂದೇ ತಳಿ. ಅದೇ ಮನೆ, ಅದೇ ಅಂಗಳ, ಅದೇ ಜೋಳದ ರೊಟ್ಟಿ. ಬೇರೆ ಆಗಿದ್ದು ಕುನ್ನಿ ಮನೆಗೆ ಬಂದ ಮೊದಲ ಆರೇಳು ವಾರ ಮಾತ್ರ.

ಟೈಗರನನ್ನು ಆ ವಾರಗಳಲ್ಲಿ ಮಾಳಿಗೆ ಮೇಲೆ ಇಟ್ಟಿದ್ದೆವು. ‘ಸೂಜಿ ಎಲ್ಲಾ ಮುಗೀಲಿ, ಆಮ್ಯಾಲೆ ಹೊರಗ ತರೋಣ’ ಅಂತ ನಮ್ಮ ಲೆಕ್ಕ. ಕೆಳಗೆ ತರುವ ಹೊತ್ತಿಗೆ ಐದು ತಿಂಗಳಾಗಿತ್ತು. ಮನೆಯವರು ನಾಲ್ಕು ಜನರನ್ನು ಬಿಟ್ಟು ಭೂಮಿಯ ಮೇಲೆ ಇನ್ನೂ ಮನುಷ್ಯರಿದ್ದಾರೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಮೊದಲು ಹೆದರಿ ಮೂಲೆ ಸೇರುತ್ತಿದ್ದ, ಆಮೇಲೆ ಗುರ್ ಎನ್ನತೊಡಗಿದ, ಒಂದೂವರೆ ವರ್ಷಕ್ಕೆ ಹಾಲಿನ ಹುಡುಗನ ಮೀನಖಂಡಕ್ಕೆ ಬಾಯಿ ಹಾಕಿದ. ಆ ಹುಡುಗನ ಸೂಜಿಗೆ ಐದು ಸಲ ನಾನೇ ಸ್ಕೂಟರ್ ಮೇಲೆ ಕರೆದುಕೊಂಡು ಹೋದೆ. ಹೋಗುವಾಗ ಬರುವಾಗ ಇಬ್ಬರೂ ಮಾತಾಡುತ್ತಿರಲಿಲ್ಲ.

ಕುನ್ನಿಯನ್ನು ಜನರಿಗೆ ಒಗ್ಗಿಸುವುದೆಂದರೆ ಸಿಕ್ಕಸಿಕ್ಕವರ ಕೈಯಲ್ಲಿ ಮುಟ್ಟಿಸುವುದು ಅಂತ ಬಹಳ ಮಂದಿ ತಿಳಿದಿದ್ದಾರೆ. ನಾಳೆ 35-40 ಕಿಲೋ ಆಗುವ ಪ್ರಾಣಿಗೆ ಆ ಲೆಕ್ಕ ಹೊಂದುವುದಿಲ್ಲ. ಹೊಸಬರನ್ನು ಕಂಡರೆ ಅದು ಹೆದರಬಾರದು, ಹಿಗ್ಗಿ ಮೈಮೇಲೂ ಬೀಳಬಾರದು. ಬಂದವರು ಬಂದರು, ಹೋದವರು ಹೋದರು ಎಂದು ಬಾಲ ಆಡಿಸುತ್ತ ತನ್ನ ಚಾಪೆಯ ಮೇಲೆ ಕೂತಿರಬೇಕು. ಕೆಳಗಿನ ಹೆಜ್ಜೆಗಳೆಲ್ಲ ಅಲ್ಲಿಗೆ ಮುಟ್ಟಲಿಕ್ಕೆ.

ವಾರಗಳ ಲೆಕ್ಕ

ಮೂರನೇ ವಾರದಿಂದ ಹೆಚ್ಚುಕಡಿಮೆ ಹದಿನಾಲ್ಕನೇ ವಾರದವರೆಗೆ ಕುನ್ನಿಯ ಮನಸ್ಸು ಹೊಸದನ್ನು ಸಲೀಸಾಗಿ ಒಪ್ಪಿಕೊಳ್ಳುತ್ತದೆ. 1961ರಲ್ಲಿ ಅಮೆರಿಕದ ಮೂವರು ಸಂಶೋಧಕರು ಒಂದು ಪ್ರಯೋಗದ ಫಲ ಪ್ರಕಟಿಸಿದರು. ಬೇಲಿ ಹಾಕಿದ ಬಯಲಿನಲ್ಲಿ ಮನುಷ್ಯರ ಒಡನಾಟವಿಲ್ಲದೆ ಕುನ್ನಿಗಳನ್ನು ಬೆಳೆಸಿ, ಬೇರೆ ಬೇರೆ ವಯಸ್ಸಿಗೆ ಒಂದೊಂದು ವಾರ ಜನರ ಜೊತೆ ಇಟ್ಟು ನೋಡಿದ್ದರು. ಹದಿನಾಲ್ಕು ವಾರದವರೆಗೆ ಮನುಷ್ಯರ ಹತ್ತಿರವೇ ಸುಳಿಯದ ಕುನ್ನಿಗಳು ಆಮೇಲೆ ಎಷ್ಟು ಮಾಡಿದರೂ ಕಾಡುಪ್ರಾಣಿಗಳ ಹಾಗೆ ದೂರವೇ ಉಳಿದವು. ಟೈಗರನ ಕಥೆಯೂ ಇದೇ ಅಲ್ಲವೇ ಅಂತ ಓದಿದಾಗ ಅನಿಸಿತು.

ನಮ್ಮ ಕಡೆ ಮಾರುವವರು ‘45 ದಿನದ ಕುನ್ನಿ’ ಅಂತ ಕೊಟ್ಟುಬಿಡುತ್ತಾರೆ. ಎಂಟು ವಾರ, ಅಂದರೆ 56 ದಿನ, ತಾಯಿಯ ಹತ್ತಿರವೇ ಬಿಡಿ ಅಂತ ಕೇಳಿಕೊಳ್ಳಿ. ಹಲ್ಲು ಎಷ್ಟು ಊರಿದರೆ ಎದುರಿಗಿದ್ದವರಿಗೆ ನೋಯುತ್ತದೆ ಎಂಬುದನ್ನು ಕುನ್ನಿ ಕಲಿಯುವುದು ಒಡಹುಟ್ಟಿದವುಗಳ ಜೊತೆ ಆಡುವಾಗ. ಮುಂಗಡ ಕೊಡುವ ಮೊದಲು ತಾಯಿ ನಾಯಿಯನ್ನು ನೋಡಲೇಬೇಕು. ತಾಯಿ ನಿಮ್ಮನ್ನು ಕಂಡು ಗೋಡೆಗೆ ಅಂಟಿ ನಡುಗಿದರೆ, ಇಲ್ಲವೇ ‘ಅದನ್ನ ತೋರಿಸಕ್ಕಾಗಲ್ರಿ, ಭಾಳ ಸಿಟ್ಟಿಂದು’ ಎಂಬ ಉತ್ತರ ಬಂದರೆ ನಾನು ವಾಪಸ್ ಬರುತ್ತೇನೆ. ಅಂಜಿಕೆ ರಕ್ತದಲ್ಲೂ ಇಳಿದು ಬರುತ್ತದೆ.

ಎಂಟನೇ ವಾರಕ್ಕೆ ತಂದರೆ ನಿಮ್ಮ ಕೈಯಲ್ಲಿ ಉಳಿಯುವುದು ಆರೇ ವಾರ. ಮನೆ ಕಟ್ಟುವ ಕೆಲಸ, ಮದುವೆ, ಮಕ್ಕಳ ಪರೀಕ್ಷೆ ಇರುವ ತಿಂಗಳಲ್ಲಿ ಕುನ್ನಿ ತರಬೇಡಿ.

ಸೂಜಿ ಮುಗಿಯುವವರೆಗೆ ಎತ್ತಿಕೊಂಡೇ ಹೋಗಿ

ಇಲ್ಲಿ ಒಂದು ಇಕ್ಕಟ್ಟು ಇದೆ. ಕುನ್ನಿಗಳ ಜೀವಕ್ಕೇ ಕುತ್ತು ತರುವ ಪಾರ್ವೊ, ಡಿಸ್ಟೆಂಪರ್ ರೋಗಗಳನ್ನು ತಡೆಯುವ ಲಸಿಕೆ ಆರರಿಂದ ಎಂಟನೇ ವಾರಕ್ಕೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರನೇ ವಾರದವರೆಗೆ ನಡೆಯುತ್ತದೆ. ರೇಬಿಸ್ ಸೂಜಿ ಮೂರು ತಿಂಗಳಿಗೆ. ಎಲ್ಲ ಮುಗಿಯಲಿ ಅಂತ ಕಾದರೆ ಕಲಿಯುವ ವಯಸ್ಸು ದಾಟಿರುತ್ತದೆ. ಕಾಯದೆ ನೆಲಕ್ಕೆ ಬಿಟ್ಟರೆ ಪಾರ್ವೊ. ಅದರ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ನಮ್ಮ ಓಣಿಗಳಲ್ಲಿ ಬೀದಿನಾಯಿ ಸುಳಿಯದ ನೆಲ ಎಲ್ಲಿದೆ?

ಭೀಮನ ವಿಷಯದಲ್ಲಿ ನಾವು ಮಾಡಿದ್ದು ಸರಳ: ಎತ್ತಿಕೊಂಡು ಹೋದೆವು. ಎಂಟು ವಾರಕ್ಕೆ ಏಳು ಕಿಲೋ ಇದ್ದ, ಹನ್ನೆರಡಕ್ಕೆ ಹನ್ನೊಂದು. ಕೊನೆ ಕೊನೆಗೆ ತೋಳು ಬಿದ್ದುಹೋಗುತ್ತಿತ್ತು, ಅದು ಬೇರೆ ಮಾತು. ಸ್ಕೂಟರಿನ ಕಾಲಿಡುವ ಜಾಗದಲ್ಲಿ ನಿಲ್ಲಿಸಿಕೊಂಡು ಹೋಗುವವರನ್ನು ನೋಡಿದ್ದೇನೆ, ಹಾಗೆ ಮಾಡಬೇಡಿ. ಒಂದು ಹಾರನ್ನಿಗೆ ಜಿಗಿದುಬಿಡುತ್ತದೆ. ಹಿಂದೆ ಕೂತವರ ತೊಡೆಯ ಮೇಲೆ ಅಥವಾ ಆಟೋದಲ್ಲಿ ಹಳೆ ಬೆಡ್‌ಶೀಟ್ ಹಾಸಿಕೊಂಡು ಕೂರಿಸಿ. ಬೆಳಿಗ್ಗೆ ನಮ್ಮ ಕಲಬುರಗಿಯ ಅಪ್ಪನ ಕೆರೆಯ ಹತ್ತಿರ ವಾಕಿಂಗ್ ಮಾಡುವವರು ಹೋಗಿ ಬರುವುದನ್ನು ತೊಡೆಯ ಮೇಲಿಂದ ಹದಿನೈದು ನಿಮಿಷ ನೋಡಿದರೆ ಸಾಕು. ಯಾರೂ ಮುಟ್ಟದಿದ್ದರೂ ಅದು ಪಾಠವೇ.

ಲಸಿಕೆ ಹಾಕಿಸಿದ, ಆರೋಗ್ಯವಾದ ನಾಯಿ ಇರುವ ಅಥವಾ ನಾಯಿಯೇ ಇಲ್ಲದ ಗೆಳೆಯರ ಮನೆಯ ಪಡಸಾಲೆಯಲ್ಲಿ ನೆಲಕ್ಕೆ ಬಿಡಬಹುದು, ಮೊದಲ ಲಸಿಕೆಯಾಗಿ ಏಳು ದಿನ ಕಳೆದಿರಲಿ. ದನದ ದವಾಖಾನೆಗೆ ಹೋದಾಗ ಮಾತ್ರ ನೆಲಕ್ಕೆ ಇಳಿಸಲೇಬೇಡಿ, ಅಲ್ಲಿಗೆ ಬರುವುದೇ ಜಡ್ಡಾದ ನಾಯಿಗಳು. ಸೂಜಿ ಇಲ್ಲದ ದಿನವೂ ಒಮ್ಮೆ ಹೋಗಿ, ಡಾಕ್ಟರ ಕೈಯಿಂದ ಒಂದು ತುಣುಕು ಕೋಳಿ ತಿನ್ನಿಸಿಕೊಂಡು ಬನ್ನಿ. ಮುಂದಿನ ಸೂಜಿಗೆ ಗುದ್ದಾಟ ಕಡಿಮೆಯಾಗುತ್ತದೆ. ಬೀದರ್ ಕಡೆಯವರಿಗೆ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಊರಲ್ಲಿದೆ, ನಮಗೆ ಆ ಭಾಗ್ಯವಿಲ್ಲ.

ಯಾರನ್ನೆಲ್ಲ ತೋರಿಸಬೇಕು

‘ನೂರು ಜನರನ್ನು ತೋರಿಸಿ’ ಎಂಬ ಮಾತು ನಾಯಿ ತರಬೇತಿಯವರಲ್ಲಿ ಚಾಲ್ತಿಯಲ್ಲಿದೆ. ನೂರು ಜನರೂ ಪ್ಯಾಂಟ್ ಶರ್ಟ್ ಹಾಕಿದ ನಿಮ್ಮ ಆಫೀಸಿನ ಗೆಳೆಯರಾದರೆ ಏನು ಬಂತು? ನಾಯಿ ಮೊದಲು ನೋಡುವುದು ಆಕಾರವನ್ನು, ನಡಿಗೆಯನ್ನು. ಧೋತರ ಉಟ್ಟು ರುಮಾಲು ಸುತ್ತಿದ ಮುತ್ಯಾ, ಕೋಲು ಊರಿ ಬರುವ ಆಯಿ, ಬುರ್ಖಾ ಹಾಕಿದ ಹೆಣ್ಣುಮಕ್ಕಳು, ಹೆಲ್ಮೆಟ್ ತೆಗೆಯದೆ ಒಳಬರುವ ಕೊರಿಯರ್ ಹುಡುಗ, ಹೆಗಲ ಮೇಲೆ ಗ್ಯಾಸ್ ಸಿಲಿಂಡರ್ ಹೊತ್ತವರು, ಕಸದ ಗಾಡಿಯವರು, ಓಡಾಡಿ ಕಿರುಚುವ ಮಕ್ಕಳು, ಕೊಡೆ ಬಿಚ್ಚಿದವರು. ಇವರೆಲ್ಲ ಕುನ್ನಿಗೆ ಬೇರೆ ಬೇರೆ ಪ್ರಾಣಿಗಳಿದ್ದ ಹಾಗೆ.

ನಮ್ಮ ಊರಿಗೇ ಸೇರಿದ ಒಂದು ತೊಡಕನ್ನು ಇಲ್ಲಿ ಹೇಳಬೇಕು. ಡಿಸೆಂಬರಿನಲ್ಲಿ ತಂದ ಕುನ್ನಿ ಮೂರು ತಿಂಗಳು ಎಲ್ಲರ ಮುಖ ನೋಡಿಕೊಂಡು ಬೆಳೆಯುತ್ತದೆ. ಮಾರ್ಚ್ ದಾಟಿತೋ, ಕಲಬುರಗಿಯಲ್ಲಿ ಮುಖಗಳೇ ಮಾಯ! ಬಿಸಿಲಿಗೆ ಗಂಡಸರು ಟವಲ್, ಹೆಣ್ಣುಮಕ್ಕಳು ಓಡಣಿ ಸುತ್ತಿಕೊಂಡು ಕಣ್ಣಷ್ಟೇ ಬಿಟ್ಟು ಓಡಾಡುತ್ತಾರೆ. ದಿನಾ ಎತ್ತಿ ಆಡಿಸುತ್ತಿದ್ದ ಪಕ್ಕದ ಮನೆಯ ಅಕ್ಕನೇ ಹಾಗೆ ಬಂದಾಗ ಭೀಮ ಎರಡು ಹೆಜ್ಜೆ ಹಿಂದೆ ಸರಿದು ಬೊಗಳಿದ. ಆಕೆ ‘ನಾನೇ ಮಾರಾಯಾ’ ಅಂದರೂ ನಂಬಲಿಲ್ಲ. ಅವತ್ತಿನಿಂದ ಮನೆಯಲ್ಲೇ ನಾಟಕ ಶುರುವಾಯಿತು. ನಾನು ಅವನ ಕಣ್ಣೆದುರೇ ಟವಲ್ ಸುತ್ತುವುದು, ಒಂದು ತುಣುಕು ಕೊಡುವುದು, ಬಿಚ್ಚುವುದು. ನಾಲ್ಕು ದಿನಕ್ಕೆ ಟವಲ್ ಕಂಡರೆ ಬಾಲ ಆಡತೊಡಗಿತು. ಚಳಿಗಾಲದಲ್ಲಿ ಕುನ್ನಿ ತರುವವರು ಈ ನಾಟಕವನ್ನು ಜನವರಿಯಲ್ಲೇ ಮುಗಿಸಿಬಿಡಿ. ಹೆಲ್ಮೆಟ್ಟಿಗೂ ಇದೇ ಮದ್ದು.

ಭೇಟಿ ಮಾಡಿಸುವ ರೀತಿ

ಮೊದಲು ತಿನಿಸು. ಉಪ್ಪು ಖಾರ ಹಾಕದೆ ಬೇಯಿಸಿದ ಕೋಳಿ ಅಥವಾ ಮೊಟ್ಟೆಯನ್ನು ತೊಗರಿ ಕಾಳಿಗಿಂತ ತುಸು ದೊಡ್ಡದಾಗಿ ಹರಿದು ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಸಸ್ಯಾಹಾರದ ಮನೆಯವರಿಗೆ ಪನೀರ್ ನಡೆಯುತ್ತದೆ. ಹೊಟ್ಟೆ ತುಂಬಿಸಲಿಕ್ಕಲ್ಲ ಇದು, ದೊಡ್ಡ ತಳಿಯ ಕುನ್ನಿ ದಪ್ಪವಾದರೆ ಬೆಳೆಯುವ ಕೀಲಿಗೆ ಭಾರ. ಕೊಟ್ಟಷ್ಟನ್ನು ಊಟದಲ್ಲಿ ಕಡಿಮೆ ಮಾಡಿ. ಉಳ್ಳಾಗಡ್ಡಿ ಇರುವ ಪಲ್ಯ, ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ವಿಷ. ಪ್ರಸಾದದ ಶಿರಾದಲ್ಲಿ ಒಣದ್ರಾಕ್ಷಿ ಇರುತ್ತದೆ, ಬಂದವರು ಪ್ರೀತಿಯಿಂದ ಕೊಡಲು ಬಂದಾಗ ಕೈ ಹಿಡಿಯಬೇಕಾಗುತ್ತದೆ.

ಹೊಸಬರು ಬಂದಾಗ ಕುನ್ನಿಗೆ ಬೆಲ್ಟ್ ಹಾಕಿ ಹಗ್ಗ ಸಡಿಲ ಬಿಡಿ. ಬಂದವರಿಗೆ ಮೂರು ಮಾತು ಹೇಳಬೇಕು: ಕೂತುಕೊಳ್ಳಿ, ಅದರ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಕರೆಯಬೇಡಿ. ಹೊಸಬರು ಕಂಡ ತಕ್ಷಣ ನೀವು ಒಂದು ತುಣುಕು ಕೊಡಿ. ಅವರ ಕೈಯಿಂದ ಕೊಡಿಸುವ ಅವಸರ ಬೇಡ. ಅಂಜುಬುರುಕ ಕುನ್ನಿ ತಿಂಡಿಯ ಆಸೆಗೆ ಹತ್ತಿರ ಹೋಗಿ, ತಿಂದು ಮುಗಿದ ಮೇಲೆ ‘ಅಯ್ಯೋ, ಎಲ್ಲಿ ಬಂದೆ’ ಎಂದು ಗಾಬರಿಯಾಗುತ್ತದೆ. ಕಡಿತಗಳಾಗುವುದು ಅಂಥ ಗಳಿಗೆಯಲ್ಲೇ. ಬಂದವರು ಕೊಡಲೇಬೇಕೆಂದರೆ ತುಣುಕನ್ನು ಕುನ್ನಿಯ ಹಿಂದಕ್ಕೆ ಎಸೆಯಲಿ. ಅದು ಹಿಂದೆ ಹೋಗಿ ತಿಂದು, ತಾನಾಗಿ ಮತ್ತೆ ಮುಂದೆ ಬಂದರೆ ಧೈರ್ಯ ಬಂತೆಂದು ತಿಳಿಯಿರಿ.

ತಾನಾಗಿ ಬಂದು ಮೂಸಿದ ಮೇಲೆ ಮುಟ್ಟಬಹುದು, ನೆತ್ತಿಯ ಮೇಲಿಂದ ಕೈ ತರದೆ ಎದೆಯ ಹತ್ತಿರ ಅಥವಾ ಗದ್ದದ ಕೆಳಗೆ. ಮೂರು ಸೆಕೆಂಡ್ ಸವರಿ ಕೈ ತೆಗೆಯಲಿ. ಕುನ್ನಿ ಮೈ ಒತ್ತಿ ‘ಇನ್ನೂ’ ಅಂದರೆ ಮುಂದುವರಿಸಲಿ, ಪಕ್ಕಕ್ಕೆ ಸರಿದರೆ ಅಲ್ಲಿಗೆ ಸಾಕು. ಈ ಮೂರು ಸೆಕೆಂಡಿನ ನಿಯಮವನ್ನು ನಮ್ಮ ಓಣಿಯ ಮಕ್ಕಳು ದೊಡ್ಡವರಿಗಿಂತ ಬೇಗ ಕಲಿತರು. ಆದರೂ ಮಕ್ಕಳನ್ನೂ ಕುನ್ನಿಯನ್ನೂ ಒಟ್ಟಿಗೆ ಬಿಟ್ಟು ಚಹಾ ಮಾಡಲು ಒಳಗೆ ಹೋಗಬೇಡಿ, ಎಷ್ಟೇ ಒಳ್ಳೆಯ ಕುನ್ನಿ ಇರಲಿ.

ಅಂಜಿಕೆಯ ಗುರುತು ಗೊತ್ತಿರಬೇಕು. ಬಾಲ ಕಾಲ ಸಂದಿಗೆ ಹೋಗುವುದನ್ನು ಎಲ್ಲರೂ ಬಲ್ಲರು. ಅದಕ್ಕೂ ಮೊದಲು ಬರುವವು ಸಣ್ಣವು: ನಿದ್ದೆಯ ಹೊತ್ತಲ್ಲದಿದ್ದರೂ ಆಕಳಿಸುವುದು, ಮೂಗು ತುಟಿ ನೆಕ್ಕಿಕೊಳ್ಳುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ಕಾಣುವ ಹಾಗೆ ಓರೆಗಣ್ಣಲ್ಲಿ ನೋಡುವುದು, ಮೈ ಬಿಗಿದು ಕಲ್ಲಾಗುವುದು. ಕಂಡ ಕೂಡಲೇ ದೂರ ಹೆಚ್ಚಿಸಿ. ಗುರ್ ಎಂದರೆ ಹೊಡೆಯಬೇಡಿ. ಹೊಡೆತ ತಿಂದ ನಾಯಿ ಗುರ್ ಎನ್ನುವುದನ್ನು ಬಿಡುತ್ತದೆ, ಅಂಜಿಕೆಯನ್ನು ಬಿಡುವುದಿಲ್ಲ. ನಾಳೆ ಸೂಚನೆ ಕೊಡದೆ ನೇರ ಬಾಯಿ ಹಾಕುತ್ತದೆ. ಟೈಗರನಿಗೆ ನಾವು ಮಾಡಿದ್ದು ಅದನ್ನೇ.

ಭೀಮನ ವಿಷಯದಲ್ಲೂ ಒಂದು ತಪ್ಪು

ಹತ್ತು ವಾರವಾಗಿತ್ತು. ಎಲ್ಲ ಚೆನ್ನಾಗಿ ನಡೆದಿದೆ ಎಂಬ ಹುರುಪಿನಲ್ಲಿ ಸಂಜೆ ಸೂಪರ್ ಮಾರ್ಕೆಟ್ ಕಡೆ ಎತ್ತಿಕೊಂಡು ಹೋದೆ. ಹಾರನ್, ಬಂಡಿ, ನಾಲ್ಕೂ ಕಡೆಯಿಂದ ‘ಏ, ಕುನ್ನಿ ನೋಡು’ ಅಂತ ಚಾಚುವ ಕೈಗಳು. ಐದು ನಿಮಿಷಕ್ಕೆ ನನ್ನ ಕಂಕುಳಲ್ಲಿ ತಲೆ ತೂರಿಸಿ ನಡುಗತೊಡಗಿದ, ಕೋಳಿ ಮೂಗಿಗೆ ಹಿಡಿದರೂ ತಿನ್ನಲಿಲ್ಲ. ತಿನ್ನುವುದನ್ನು ಬಿಟ್ಟ ಕುನ್ನಿ ಕಲಿಯುವುದನ್ನೂ ಬಿಟ್ಟಿರುತ್ತದೆ, ಆ ಹೊತ್ತಿಗೆ ಮನೆಗೆ ಹೊರಡಬೇಕು. ನಾನು ‘ರೂಢಿ ಆಗ್ಲಿ’ ಅಂತ ಇನ್ನೂ ಕಾಲು ಗಂಟೆ ನಿಂತೆ.

ಮರುದಿನದಿಂದ ಗೇಟು ದಾಟಲು ಒಲ್ಲೆ ಅಂದ. ಸರಿಪಡಿಸಲು ಮೂರು ವಾರ ಹಿಡಿಯಿತು. ಮೊದಲು ಗೇಟಿನ ಒಳಗೇ ಕೂತು ಓಣಿ ನೋಡುವುದು, ಆಮೇಲೆ ಬೆಳಗಿನ ಆರೂವರೆಗೆ ಪಬ್ಲಿಕ್ ಗಾರ್ಡನ್ನಿನ ಅಂಚಿನಲ್ಲಿ, ಜನರಿಂದ ಮೂವತ್ತು ಹೆಜ್ಜೆ ದೂರದಲ್ಲಿ, ತೊಡೆಯ ಮೇಲೆ. ಮೂವತ್ತು ಹೆಜ್ಜೆ ಇಪ್ಪತ್ತಾಯಿತು, ಹತ್ತಾಯಿತು. ಒಂದು ಹೊರಗಿನ ಭೇಟಿ, ಆಮೇಲೆ ಒಂದು ದಿನ ವಿಶ್ರಾಂತಿ ಎಂಬ ಲೆಕ್ಕ ಅಲ್ಲಿಂದ ಬಂತು. ಜಾತ್ರೆ, ಮೊಹರಂ ಹಲಗೆ, ಡಿಜೆ ಮೆರವಣಿಗೆಗೆಲ್ಲ ಕುನ್ನಿಯನ್ನು ಒಯ್ಯಬೇಡಿ. ಆ ಸದ್ದನ್ನು ಮೊಬೈಲಿನಲ್ಲಿ ಸಣ್ಣಗೆ ಹಚ್ಚಿ, ಊಟ ಮಾಡುವಾಗ ಕೇಳಿಸಿ, ದಿನದಿಂದ ದಿನಕ್ಕೆ ತುಸು ಏರಿಸಿದರೆ ಸಾಕು.

ನಾಲ್ಕು ಕಾಲೂ ನೆಲದ ಮೇಲೆ

ದೊಡ್ಡ ತಳಿಯವರು ಹೆಚ್ಚು ಸೋಲುವುದು ಇಲ್ಲಿ. ಏಳು ಕಿಲೋ ಕುನ್ನಿ ಮೊಣಕಾಲಿಗೆ ಹಾರಿದರೆ ಎಲ್ಲರಿಗೂ ನಗು. ಅಫಜಲಪುರದಿಂದ ಬರುವ ನಮ್ಮ ಸೋದರಮಾವ ‘ಬಾ ಮಗನಾ, ಬಾ’ ಅಂತ ಎದೆಗೆ ಹತ್ತಿಸಿಕೊಳ್ಳುತ್ತಿದ್ದ. ‘ಬ್ಯಾಡ ಮಾಮಾ’ ಅಂದರೆ ‘ಸಣ್ಣದದ ಬಿಡೋ, ಏನಾಗ್ತದ’ ಎಂಬ ಉತ್ತರ. ‘ಇದೇ ನಾಯಿ ಎಂಟು ತಿಂಗಳಾದ ಮ್ಯಾಲೆ ಅವ್ವನ ಎದೀಗಿ ಹಾರಿದ್ರ?’ ಅಂತ ಕೇಳಿದ ಮೇಲೆ ಸುಮ್ಮನಾದ. ಅವ್ವನಿಗೆ ಎಪ್ಪತ್ತೆರಡು, ಒಮ್ಮೆ ಬಿದ್ದರೆ ಸೊಂಟ.

ನಿಯಮ ಒಂದೇ ಇರಲಿ, ಮನೆಯವರೆಲ್ಲ ಪಾಲಿಸಲಿ. ಹಾರಿದರೆ ಮಾತಿಲ್ಲ, ನೋಟವಿಲ್ಲ, ಬೆನ್ನು ತಿರುಗಿಸಿ ನಿಲ್ಲುವುದು. ದೂಡುವುದೂ ಬೈಯುವುದೂ ಕುನ್ನಿಗೆ ಆಟವೇ. ನಾಲ್ಕು ಕಾಲು ನೆಲಕ್ಕೆ ತಾಗಿದ ತಕ್ಷಣ ತುಣುಕು, ಅದೂ ನೆಲದ ಹತ್ತಿರವೇ ಕೊಡಬೇಕು. ಜೊತೆಗೆ ಒಂದು ಚಾಪೆ ಗೊತ್ತು ಮಾಡಿ. ಬಾಗಿಲು ಬಡಿದ ಸದ್ದಿಗೆ ಚಾಪೆಯ ಮೇಲೆ ಹೋಗಿ ಕೂತರೆ ಅಲ್ಲೇ ನಾಲ್ಕಾರು ತುಣುಕು ಬೀಳುತ್ತವೆ ಎಂದು ಕಲಿಸಿ. ನಾವು ದಿನಕ್ಕೆ ಹತ್ತು ಸಲ ನಮ್ಮ ಬಾಗಿಲನ್ನು ನಾವೇ ಬಡಿದೆವು. ಓಣಿಯವರು ಏನಂದುಕೊಂಡರೋ.

ಬೇಡ ಎನ್ನುವವರ ಹಕ್ಕು

ನಾಯಿ ಪ್ರೀತಿಸುವವರು ಮರೆಯುವ ಮಾತಿದು. ನಮ್ಮ ಪಕ್ಕದ ಮನೆಯ ಚಾಚಾ ನಮಾಜಿಗೆ ಹೊರಡುವಾಗ ಬಟ್ಟೆಗೆ ನಾಯಿಯ ಜೊಲ್ಲು ತಾಗಬಾರದು. ಎದುರು ಮನೆಯ ಆಯಿ ಪೂಜೆಗೆ ಮಡಿಯಲ್ಲಿ ಹೋಗುವಾಗ ಅವರಿಗೂ ಅಷ್ಟೇ. ಚಿಕ್ಕಂದಿನಲ್ಲಿ ನಾಯಿ ಕಚ್ಚಿಸಿಕೊಂಡು ಇವತ್ತಿಗೂ ಬೆವರುವವರಿದ್ದಾರೆ. ಇವರನ್ನು ‘ಏನ್ ಮಾಡಂಗಿಲ್ರಿ, ಮುಟ್ರಿ’ ಅಂತ ಒತ್ತಾಯಿಸುವುದು ಕುನ್ನಿಯನ್ನು ಒತ್ತಾಯಿಸಿದಷ್ಟೇ ತಪ್ಪು. ನಾವು ಚಾಚಾಗೆ ಮೊದಲೇ ಕೇಳಿದೆವು: ‘ಹತ್ತು ಅಡಿ ದೂರ ನಿಂತು ನಮ್ಮ ಜೊತೆ ಎರಡು ಮಾತಾಡ್ತೀರಾ?’ ಅವರು ದಿನಾ ಅಷ್ಟು ಮಾಡಿದರು. ಭೀಮನಿಗೆ ಎಲ್ಲಕ್ಕಿಂತ ಒಳ್ಳೆಯ ಗುರು ಆದವರು ಅವರೇ, ಒಮ್ಮೆಯೂ ಮುಟ್ಟದೆ. ಎಲ್ಲರೂ ತನ್ನನ್ನು ಮಾತಾಡಿಸಲು ಬಂದವರಲ್ಲ ಎಂಬುದನ್ನು ನಾಯಿ ಬೇರೆ ಹೇಗೆ ಕಲಿಯಬೇಕು?

ಬಿಸಿಲು

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 42-43 ಡಿಗ್ರಿ. ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ತೇಕುವುದರಿಂದ, ದೊಡ್ಡ ಮೈಗೆ ಅದು ಸಾಲದು. ಅಂಗಳದ ಶಹಾಬಾದ್ ಪರಸಿಯ ಮೇಲೆ ನಿಮ್ಮ ಅಂಗೈ ಹಿಂಭಾಗ ಐದು ಸೆಕೆಂಡ್ ಇಡಲಾಗದಿದ್ದರೆ ಕುನ್ನಿಯ ಪಾದಕ್ಕೂ ಆಗುವುದಿಲ್ಲ. ಭೇಟಿಗಳೆಲ್ಲ ಬೆಳಿಗ್ಗೆ ಏಳರೊಳಗೆ ಅಥವಾ ರಾತ್ರಿ, ಪರಸಿ ಆರಿದ ಮೇಲೆ. ಮಧ್ಯಾಹ್ನ ಸುಟ್ಟ ಪಾದದ ನೋವನ್ನು ಕುನ್ನಿ ಎದುರಿಗೆ ನಿಂತಿದ್ದ ಮನುಷ್ಯನಿಗೆ ಗಂಟು ಹಾಕಿಬಿಡಬಹುದು.

‘ಹಂಗಾದ್ರ ಕಳ್ಳ ಬಂದ್ರ?’

ಇದನ್ನು ಕೇಳದವರಿಲ್ಲ. ಎಲ್ಲರ ಜೊತೆ ಚೆನ್ನಾಗಿದ್ದರೆ ಕಾವಲು ಯಾರು ಕಾಯಬೇಕು ಅಂತ. ಅದಕ್ಕೇ ಕುನ್ನಿಯನ್ನು ಗೇಟಿಗೆ ಕಟ್ಟಿ, ಬಂದವರಿಗೆಲ್ಲ ಛೂ ಬಿಟ್ಟು ‘ಖಡಕ್’ ಮಾಡುವವರಿದ್ದಾರೆ. ಅಂಥ ನಾಯಿ ಮೂರು ಹೊತ್ತೂ ಬೊಗಳುತ್ತದೆ, ಮೂರು ಹೊತ್ತೂ ಬೊಗಳುವ ನಾಯಿಯ ಮಾತಿಗೆ ರಾತ್ರಿ ಎದ್ದು ನೋಡುವವರು ಯಾರು? ಭೀಮ ರಾತ್ರಿ ಬೊಗಳುವುದು ಅಪರೂಪ. ಬೊಗಳಿದರೆ ನಾವು ಏಳುತ್ತೇವೆ. ಸಾಮಾನ್ಯ ಯಾವುದು ಎಂದು ಗೊತ್ತಿರುವ ನಾಯಿಗೇ ಅಸಾಮಾನ್ಯ ಯಾವುದು ಎಂದು ಗೊತ್ತಾಗುತ್ತದೆ. ಜರ್ಮನ್ ಶೆಫರ್ಡ್, ರಾಟ್‌ವೀಲರ್ ತಳಿಗಳಿಗೆ ಕಾಯುವ ಗುಣ ಹುಟ್ಟಿನಿಂದಲೇ ಇರುತ್ತದೆ, ವಯಸ್ಸಿಗೆ ತಾನೇ ಮೇಲೆ ಬರುತ್ತದೆ.

ಇದು ಬರೀ ಮನೆಯ ಮಾತೂ ಅಲ್ಲ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಾಟ್‌ವೀಲರ್ ಸೇರಿ 23 ತಳಿಗಳನ್ನು ಅಪಾಯಕಾರಿ ಎಂದು ಹೆಸರಿಸಿ ಸುತ್ತೋಲೆ ಹೊರಡಿಸಿತ್ತು, ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ನಮ್ಮದೇ ರಾಜ್ಯದ ಮುಧೋಳ ನಾಯಿ ತರುವವರಿಗೆ ಒಂದು ಮಾತು: ಅದು ಸ್ವಭಾವತಃ ಹೊಸಬರಿಂದ ದೂರ ಉಳಿಯುವ, ಪರರ ಮುಟ್ಟುವಿಕೆಯನ್ನು ಇಷ್ಟಪಡದ ತಳಿ. ಲ್ಯಾಬ್ರಡಾರ್ ಹಾಗೆ ಬಂದವರ ತೊಡೆ ಏರಲಿ ಅಂತ ಅದರಿಂದ ಬಯಸಬೇಡಿ. ಬಂದವರನ್ನು ನೋಡಿ ಸುಮ್ಮನಿದ್ದರೆ ಅದಕ್ಕೆ ಪೂರಾ ಅಂಕ.

ಆರು ತಿಂಗಳಾದ ಮೇಲೆ

ಕೆಲಸ ಮುಗಿಯಿತು ಅಂದುಕೊಳ್ಳುವ ಹೊತ್ತಿಗೆ, ಆರರಿಂದ ಹದಿನಾಲ್ಕು ತಿಂಗಳ ನಡುವೆ, ಮತ್ತೊಮ್ಮೆ ಅಂಜಿಕೆ ತಲೆ ಎತ್ತಬಹುದು. ಭೀಮ ಒಂಬತ್ತು ತಿಂಗಳಿದ್ದಾಗ, ದಿನಾ ನೋಡಿದ ಕಸದ ಗಾಡಿಗೇ ಬೆಚ್ಚಿದ. ಬೈಯದೆ, ಎಳೆಯದೆ, ಹಳೆಯ ದೂರ ಮತ್ತು ಹಳೆಯ ಡಬ್ಬಿಗೆ ವಾಪಸ್ ಹೋದೆವು, ಹದಿನೈದು ದಿನದಲ್ಲಿ ಇಳಿಯಿತು. ಈ ವಯಸ್ಸಿನಲ್ಲಿ ವಾರಕ್ಕೆ ಎರಡು ಮೂರು ಹೊಸ ಮುಖಗಳು ಸಿಗುತ್ತಿರಲಿ.

ಆಟದಲ್ಲೇ ಆಗಲಿ, ಬಂದವರ ಚರ್ಮಕ್ಕೆ ಹಲ್ಲು ತಾಗಿ ಗಾಯವಾದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅರಿಶಿನ, ಸುಣ್ಣ ಮೆತ್ತಬೇಡಿ. ‘ನಮ್ಮ ನಾಯಿಗೆ ಸೂಜಿ ಆಗೇದ’ ಅಂತ ನೀವೇ ತೀರ್ಮಾನ ಮಾಡದೆ ಡಾಕ್ಟರಿಗೆ ಬಿಡಿ.

ವಯಸ್ಸು ದಾಟಿದ ನಾಯಿ ಇದ್ದರೆ

ಐದಾರು ತಿಂಗಳ ನಾಯಿಯನ್ನು ಈಗಷ್ಟೇ ಮಾಳಿಗೆಯಿಂದ ಇಳಿಸಿದವರೂ ಇದನ್ನು ಓದುತ್ತಿರಬಹುದು. ಹೆಜ್ಜೆಗಳು ಇವೇ, ದೂರ ಜಾಸ್ತಿ, ತಿಂಗಳುಗಳು ಜಾಸ್ತಿ. ಮೊದಲು ಡಾಕ್ಟರಿಗೆ ತೋರಿಸಿ, ಕಿವಿ ಅಥವಾ ಸೊಂಟದ ನೋವಿನಿಂದಲೂ ನಾಯಿ ಸಿಡುಕುತ್ತದೆ. ಬಾಯಿ ಜಾಳಿಗೆಯನ್ನು ಶಿಕ್ಷೆಯ ಹಾಗೆ ಬಿಗಿಯದೆ, ಅದರೊಳಗೆ ತುಣುಕು ಇಟ್ಟು ತಾನಾಗಿ ಮೂತಿ ಹಾಕುವ ಹಾಗೆ ರೂಢಿ ಮಾಡಿಸಿ. ಕಡಿದ ಇತಿಹಾಸ ಇದ್ದರೆ ಒಬ್ಬರೇ ಪ್ರಯೋಗಕ್ಕೆ ಇಳಿಯಬೇಡಿ, ತಿಳಿದವರ ಸಹಾಯ ಪಡೆಯಿರಿ.

ಟೈಗರನ ಜೊತೆ ನಾವು ಇದನ್ನು ಶುರು ಮಾಡಿದ್ದು ಅವನ ಐದನೇ ವರ್ಷಕ್ಕೆ. ಹಾಲಿನ ಹುಡುಗ ಬರುವ ಹೊತ್ತಿಗೆ ಅಂಗಳದ ಆ ತುದಿಯಲ್ಲಿ ಚಾಪೆ, ಡಬ್ಬಿ, ನಾನು. ಒಂದೂವರೆ ವರ್ಷವಾದ ಮೇಲೆ ಅವನು ಬೊಗಳದೆ ಕೂತಿರುತ್ತಿದ್ದ, ಹುಡುಗ ಪಾತ್ರೆಗೆ ಹಾಲು ಸುರಿದು ಹೋಗುವವರೆಗೆ. ಇಬ್ಬರ ನಡುವೆ ಹದಿನೈದು ಅಡಿ. ಅದಕ್ಕಿಂತ ಹತ್ತಿರ ಅವನೂ ಬರಲಿಲ್ಲ, ಹುಡುಗನೂ ಹೋಗಲಿಲ್ಲ.